ಹೊರದೇಶದ ಹಡಗು ನಮ್ಮ ಬಲೆ ಹರಿದರೆ ಹೇಗ್‌ನ ಕೋರ್ಟಿಗೆ ಹೋಗಬಹುದಾ?

ಬೈತಖೋಲದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದ ಬೈತಖೋಲ. ಮನೆಯಲ್ಲಿ ಒಂದು ಗಿಲ್‌ನೆಟ್ ಬೋಟ್ ಇದೆ, ಅಪ್ಪನೇ ತಾಂಡೇಲ, ಅಂದರೆ ಬೋಟು ನಡೆಸುವವರು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ದಡದಿಂದ ಸುಮಾರು 18 ನಾಟಿಕಲ್ ಮೈಲಿ ಹೊರಗೆ ಬಲೆ ಬಿಟ್ಟು ಕಾಯುತ್ತಿದ್ದೆವು. ಬಲೆಯ ತುದಿಗೆ ದೀಪ ಕಟ್ಟಿತ್ತು. ದೊಡ್ಡ ಸರಕು ಹಡಗೊಂದು ಆ ದೀಪದ ಮೇಲೆಯೇ ಹಾದುಹೋಯಿತು. ಅಪ್ಪ ಟಾರ್ಚ್ ಬೀಸಿದರು, ವೈರ್‌ಲೆಸ್‌ನಲ್ಲಿ ಕೂಗಿದರು, ಉತ್ತರ ಬರಲಿಲ್ಲ. ಎಳೆದು ನೋಡಿದರೆ ಕಾಲು ಭಾಗ ಬಲೆ, ತುಂಡಾದ ಹಗ್ಗ, ಎಂಟೋ ಹತ್ತೋ ಬೆಂಡು, ಅಷ್ಟೇ. ಹಡಗಿನ ಹೆಸರು ಅರ್ಧ ಓದಲು ಸಿಕ್ಕಿತು. ಹೆಸರಿನ ಕೆಳಗೆ ಬರೆದಿದ್ದ ಊರು ನಮ್ಮ ದೇಶದ್ದಲ್ಲ. ದೂರು ಕೊಡಲು ಹೋದ ಕಡೆ "ಹೊರದೇಶದ ಹಡಗು, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದು ವಾಪಸ್ ಕಳಿಸಿದರು.

ಈಗ ಜೂನ್. ಮಳೆಗಾಲದ ಮೀನುಗಾರಿಕೆ ನಿಷೇಧ, ಜುಲೈ 31ರ ತನಕ ಬೋಟು ಇಳಿಸುವ ಹಾಗಿಲ್ಲ. ಬಲೆ ರಿಪೇರಿ ಮಾಡುತ್ತ ಕೂತಾಗ ದಿನಾ ಇದೇ ಮಾತು. ನಮ್ಮ ದೊಡ್ಡಪ್ಪ ಹೇಳುತ್ತಾರೆ, ಪಾಕಿಸ್ತಾನ ಗಲ್ಲು ಶಿಕ್ಷೆ ಕೊಟ್ಟ ನಮ್ಮ ಕುಲಭೂಷಣ್ ಜಾಧವ್ ಕೇಸ್ ನಡೆಯಿತಲ್ಲ, ಆ ಹೇಗ್‌ನ ಕೋರ್ಟಿಗೇ ಹಾಕಬೇಕು ಅಂತ. ನಿಜವಾಗಿ ಅಲ್ಲಿಗೆ ಹೋಗಬಹುದಾ? ಅಲ್ಲಿ ಜಡ್ಜ್ ಯಾರು, ಅವರನ್ನು ಯಾರು ಇಡುತ್ತಾರೆ? ವಿಚಾರಣೆ ಹೇಗೆ ನಡೆಯುತ್ತದೆ? ಎದುರಿನ ದೇಶ ಬರಲ್ಲ ಅಂದರೆ? ನಾನು ಬಿ.ಕಾಂ. ಓದಿದವನು, ಕಾನೂನು ಗೊತ್ತಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.

ಶಿರಸಿ ವಕೀಲೆ:

ತಮ್ಮಾ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆ ಕೋರ್ಟಿಗೆ, ಅಂದರೆ ಹಾಲೆಂಡಿನ ಹೇಗ್‌ನಲ್ಲಿರುವ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ, ನೀನು ಹೋಗಲು ಆಗುವುದಿಲ್ಲ. ನಾನೂ ಹೋಗಲು ಆಗುವುದಿಲ್ಲ, ಎಷ್ಟೇ ದೊಡ್ಡ ಕಂಪನಿಗೂ ಆಗುವುದಿಲ್ಲ. ಅಲ್ಲಿ ವಾದಿಯೂ ದೇಶವೇ, ಪ್ರತಿವಾದಿಯೂ ದೇಶವೇ. ಜಾಧವ್ ಕೇಸನ್ನೂ ಜಾಧವ್ ಹಾಕಿದ್ದಲ್ಲ, ಅವರ ಮನೆಯವರು ಹಾಕಿದ್ದೂ ಅಲ್ಲ. ಭಾರತ ಹಾಕಿತು, ಪಾಕಿಸ್ತಾನದ ಮೇಲೆ. ಒಬ್ಬ ಪ್ರಜೆಗೆ ಆದ ಅನ್ಯಾಯವನ್ನು ಅವನ ದೇಶ "ಇದು ನನಗೇ ಆದ ಅನ್ಯಾಯ" ಎಂದು ಎತ್ತಿಕೊಂಡು ಹೋಗಬಹುದು. ಎತ್ತಿಕೊಳ್ಳಬೇಕೋ ಬೇಡವೋ ಅನ್ನುವುದು ಸರ್ಕಾರಕ್ಕೆ ಬಿಟ್ಟದ್ದು.

ಎದುರಿನ ದೇಶ ಬರಲ್ಲ ಅಂದರೆ ಏನು ಅಂತ ಕೇಳಿದೆಯಲ್ಲ, ಇಡೀ ವಿಷಯದ ಕೀಲಿ ಇರುವುದೇ ಅಲ್ಲಿ. ನಮ್ಮ ಮನೆಯದ್ದೇ ಉದಾಹರಣೆ ತಗೋ. ಮಹಾರಾಷ್ಟ್ರ ಬೆಳಗಾವಿಯ ಜೊತೆ ನಿಮ್ಮ ಕಾರವಾರವೂ ತನಗೆ ಬೇಕು ಅನ್ನುತ್ತದೆ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ಅಲ್ಲಿ ಎಷ್ಟು ತಕರಾರು ಬೇಕಾದರೂ ಎತ್ತಬಹುದು, ಆದರೆ ನಾನು ಆ ಕೋರ್ಟಿಗೇ ಬರಲ್ಲ ಅನ್ನುವ ಹಾಗಿಲ್ಲ. ಯಾಕೆ? ಎರಡೂ ರಾಜ್ಯಗಳ ತಲೆಯ ಮೇಲೆ ಒಂದು ಸಂವಿಧಾನ ಇದೆ. ದೇಶ ದೇಶಗಳ ತಲೆಯ ಮೇಲೆ ಹಾಗೆ ಯಾರೂ ಇಲ್ಲ. ಆದ್ದರಿಂದ ಹೇಗ್‌ನ ಕೋರ್ಟಿಗೆ ಅಧಿಕಾರ ಬರುವುದು ಎರಡೂ ಕಡೆಯವರ ಒಪ್ಪಿಗೆಯಿಂದ. ಜಗಳ ಆದ ಮೇಲೆ ಇಬ್ಬರೂ ಕೂತು "ಇದನ್ನು ಕೋರ್ಟಿಗೆ ಕೊಡೋಣ" ಎಂದು ಬರೆದುಕೊಳ್ಳಬಹುದು. ಇಲ್ಲವೇ ಹಿಂದೆ ಯಾವಾಗಲೋ ಸಹಿ ಹಾಕಿದ ಒಪ್ಪಂದದಲ್ಲೇ "ಇದರ ಬಗ್ಗೆ ತಕರಾರು ಬಂದರೆ ಕೋರ್ಟು ನೋಡಲಿ" ಎಂಬ ಮಾತು ಇರಬಹುದು. ಇನ್ನೊಂದು ದಾರಿ, ಮೊದಲೇ ವಿಶ್ವಸಂಸ್ಥೆಗೆ ಒಂದು ಘೋಷಣೆ ಬರೆದು ಕೊಡುವುದು: ನನ್ನ ಹಾಗೆ ಬರೆದುಕೊಟ್ಟ ಬೇರೆ ಯಾವ ದೇಶ ಬಂದರೂ ನಾನು ತಯಾರು ಅಂತ. 70ಕ್ಕಿಂತ ಜಾಸ್ತಿ ದೇಶಗಳು ಬರೆದುಕೊಟ್ಟಿವೆ. ಭಾರತವೂ ಕೊಟ್ಟಿದೆ, ಆದರೆ ಬೇಕಾದಷ್ಟು ಷರತ್ತು ಸೇರಿಸಿ. ಕಾಮನ್‌ವೆಲ್ತ್ ದೇಶಗಳ (ಹೆಚ್ಚಾಗಿ ಹಿಂದೆ ಬ್ರಿಟಿಷರ ಕೆಳಗಿದ್ದ ದೇಶಗಳ ಕೂಟ) ಜೊತೆಗಿನ ಜಗಳ ಇದರಲ್ಲಿ ಬರುವುದಿಲ್ಲ ಅನ್ನುವುದು ಅದರಲ್ಲಿ ಒಂದು. ಪಾಕಿಸ್ತಾನವೂ ಕಾಮನ್‌ವೆಲ್ತ್ ದೇಶವೇ. 1999ರಲ್ಲಿ ಪಾಕಿಸ್ತಾನದ ವಿಮಾನವೊಂದನ್ನು ನಮ್ಮ ವಾಯುಪಡೆ ಹೊಡೆದುರುಳಿಸಿದಾಗ ಪಾಕಿಸ್ತಾನ ಹೇಗ್‌ಗೆ ಹೋಯಿತು. 2000ದ ಜೂನ್‌ನಲ್ಲಿ ಕೋರ್ಟು 14-2ರಲ್ಲಿ ಹೇಳಿದ್ದು ಇಷ್ಟೇ: ಇದನ್ನು ಕೇಳುವ ಅಧಿಕಾರ ನಮಗಿಲ್ಲ. ಯಾರದ್ದು ಸರಿ ಅನ್ನುವ ವಿಚಾರಕ್ಕೆ ಕೋರ್ಟು ಹೋಗಲೇ ಇಲ್ಲ.

ಹಾಗಾದರೆ ಜಾಧವ್ ಕೇಸಿನಲ್ಲಿ ಅದೇ ಪಾಕಿಸ್ತಾನ ಹೇಗೆ ಸಿಕ್ಕಿಬಿತ್ತು? ಬೇರೆ ದೇಶದವನನ್ನು ಹಿಡಿದರೆ ಅವನ ರಾಯಭಾರ ಕಚೇರಿಯವರಿಗೆ ಭೇಟಿ ಮಾಡಲು ಬಿಡಬೇಕು ಅನ್ನುವ ವಿಯೆನ್ನಾ ಒಪ್ಪಂದ ಇದೆ. ಅದಕ್ಕೆ ಅಂಟಿಕೊಂಡ ಇನ್ನೊಂದು ಪತ್ರದಲ್ಲಿ "ತಕರಾರು ಬಂದರೆ ಹೇಗ್" ಎಂದು ಇದೆ. ಎರಡೂ ದೇಶ ಸಹಿ ಹಾಕಿದ್ದವು. ಭಾರತ 2017ರ ಮೇ 8ಕ್ಕೆ ಅರ್ಜಿ ಹಾಕಿತು, ಮೇ 18ಕ್ಕೆ ಗಲ್ಲಿಗೆ ತಡೆ ಬಂತು. ಹತ್ತೇ ದಿನ. ತೀರ್ಪು ಮಾತ್ರ 2019ರ ಜುಲೈ 17ಕ್ಕೆ.

ಇನ್ನು ಜಡ್ಜುಗಳು. ಒಟ್ಟು 15 ಜನ, ಒಬ್ಬೊಬ್ಬರಿಗೆ 9 ವರ್ಷ. ಮೂರು ವರ್ಷಕ್ಕೊಮ್ಮೆ ಐದು ಜನರ ಚುನಾವಣೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲೂ ಗೆಲ್ಲಬೇಕು, ಭದ್ರತಾ ಮಂಡಳಿಯಲ್ಲೂ ಗೆಲ್ಲಬೇಕು. ಎರಡೂ ಕಡೆ ಬೇರೆ ಬೇರೆಯಾಗಿ ಮತ ಹಾಕುತ್ತಾರೆ, ಅಲ್ಲಿ ವೀಟೋ, ಅಂದರೆ ಐದು ದೊಡ್ಡ ದೇಶಗಳಿಗೆ ಮಂಡಳಿಯಲ್ಲಿ ಇರುವ ತಡೆಯುವ ಅಧಿಕಾರ, ನಡೆಯುವುದಿಲ್ಲ. 2017ರಲ್ಲಿ ನಮ್ಮ ದಲ್ವೀರ್ ಭಂಡಾರಿಯವರಿಗೆ ಸಾಮಾನ್ಯ ಸಭೆಯಲ್ಲಿ ಬೆಂಬಲ, ಬ್ರಿಟನ್ನಿನ ಅಭ್ಯರ್ಥಿಗೆ ಮಂಡಳಿಯಲ್ಲಿ ಬೆಂಬಲ. ಸುತ್ತಿನ ಮೇಲೆ ಸುತ್ತು ಮತದಾನ ನಡೆಯಿತು. ಕೊನೆಗೆ ಬ್ರಿಟನ್ ಹಿಂದೆ ಸರಿಯಿತು. 1946ರಲ್ಲಿ ಕೋರ್ಟು ಶುರುವಾದ ಮೇಲೆ ಬ್ರಿಟನ್ನಿನ ಜಡ್ಜ್ ಇಲ್ಲದೇ ಹೋದದ್ದು ಅದೇ ಮೊದಲು. ಅಂದ ಹಾಗೆ, ಆ ಪೀಠದಲ್ಲಿ ಕೂತ ಮೊದಲ ಭಾರತೀಯ ನಮ್ಮ ಕರಾವಳಿಯ ಕಡೆಯವರೇ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಬರೆಯುವಾಗ ಸಲಹೆಗಾರರಾಗಿದ್ದವರು. 1952ರಲ್ಲಿ ಅಲ್ಲಿಗೆ ಹೋದರು, ಮರುವರ್ಷವೇ ತೀರಿಕೊಂಡರು. ನಮ್ಮ ಕಡೆ ಎಷ್ಟೋ ಜನರಿಗೆ ಈ ಹೆಸರೇ ಗೊತ್ತಿಲ್ಲ ಅನ್ನುವುದು ನನಗೆ ಬಹಳ ಬೇಸರದ ವಿಷಯ.

ಬೈತಖೋಲದ ಹುಡುಗ:

ಅಕ್ಕ, ತುಂಬಾ ಥ್ಯಾಂಕ್ಸ್. ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ತಕ್ಷಣ ಕೇಳಿದ್ದು: ಒಂದು ದೇಶದ ಜಡ್ಜ್ ಪೀಠದಲ್ಲೇ ಕೂತಿದ್ದರೆ ಇನ್ನೊಂದು ದೇಶಕ್ಕೆ ನ್ಯಾಯ ಹೇಗೆ ಸಿಗುತ್ತದೆ? ಭಾರತದ ಜಡ್ಜ್ ಭಾರತದ ಕೇಸಿಗೆ ಕೂರಬಹುದಾ?

ಶಿರಸಿ ವಕೀಲೆ:

ಅಪ್ಪ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಕೂರಬಹುದು. ಅದಕ್ಕೆ ಪ್ರತಿಯಾಗಿ, ಪೀಠದಲ್ಲಿ ತನ್ನವರು ಯಾರೂ ಇಲ್ಲದ ದೇಶ ಆ ಒಂದು ಕೇಸಿಗೆ ಮಾತ್ರ ಒಬ್ಬರನ್ನು ಆರಿಸಿ ಕೂರಿಸಬಹುದು. ಆಡ್ ಹಾಕ್ ಜಡ್ಜ್ ಅನ್ನುತ್ತಾರೆ. ಅವರದ್ದೂ ಪೂರ್ತಿ ಮತ. ಜಾಧವ್ ಕೇಸಿನಲ್ಲಿ ಭಂಡಾರಿಯವರು ಇದ್ದರು, ಪಾಕಿಸ್ತಾನ ತನ್ನ ಕಡೆಯಿಂದ ಒಬ್ಬರನ್ನು ಕೂರಿಸಿತು, ಒಟ್ಟು 16 ಜನ ಆದರು. ತೀರ್ಪು 15-1. ಚೀನಾದ ಜಡ್ಜ್ ಕೂಡ ಆ 15ರಲ್ಲಿ ಇದ್ದರು, ಇದನ್ನು ಅಪ್ಪನಿಗೆ ಹೇಳು. ಆದರೆ ಭಾರತ ಕೇಳಿದ್ದೆಲ್ಲ ಸಿಗಲಿಲ್ಲ. ಶಿಕ್ಷೆ ರದ್ದು ಮಾಡಿ, ಬಿಡುಗಡೆ ಮಾಡಿ ಎಂದು ಕೇಳಿತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. ರಾಯಭಾರ ಕಚೇರಿಯವರಿಗೆ ಭೇಟಿಗೆ ಬಿಡಿ, ಶಿಕ್ಷೆಯನ್ನು ಮತ್ತೆ ಪರಿಶೀಲಿಸಿ, ಅಲ್ಲಿಯ ತನಕ ಗಲ್ಲಿಗೆ ತಡೆ, ಅಷ್ಟು.

ನನಗೆ ಬಹಳ ಇಷ್ಟವಾದ ಒಂದು ಪದ್ಧತಿ ಹೇಳುತ್ತೇನೆ. ವಾದ ಮುಗಿದ ಮೇಲೆ ಜಡ್ಜುಗಳು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ಅಭಿಪ್ರಾಯವನ್ನು ಬರೆದು ಉಳಿದವರಿಗೆಲ್ಲ ಕೊಡಬೇಕು. ಕೊನೆಗೆ ಬಾಯಿಬಿಟ್ಟು ಮತ ಹೇಳುವಾಗ ಎಲ್ಲರಿಗಿಂತ ಕಿರಿಯ ಜಡ್ಜ್ ಮೊದಲು ಹೇಳಬೇಕು, ಅಧ್ಯಕ್ಷರು ಎಲ್ಲರಿಗಿಂತ ಕೊನೆಗೆ. ನಮ್ಮ ಊರಿನ ಪಂಚಾಯ್ತಿಕೆಯಲ್ಲಿ ಯಾವಾಗಲೂ ಉಲ್ಟಾ ಅಲ್ವಾ? ಹಿರಿಯರೊಬ್ಬರು ಬಾಯಿ ಬಿಟ್ಟರೆ ಮುಗಿಯಿತು, ಕಿರಿಯರು ಹೌದು ಹೌದು ಅನ್ನುತ್ತಾರೆ. ಅಲ್ಲಿ ಹಾಗಾಗಬಾರದು ಅಂತ ಈ ಕ್ರಮ. ಮತ ಸಮ ಆದರೆ ಮಾತ್ರ ಅಧ್ಯಕ್ಷರಿಗೆ ಇನ್ನೊಂದು ಮತ. ತೀರ್ಪು ಬಂದ ಮೇಲೆ ಅಪೀಲು ಇಲ್ಲ.

ಸದಾಶಿವಗಡದ ಮಾಸ್ತರು:

ಈ ಮಾತು ಕಾರವಾರದಲ್ಲೇ ಎದ್ದದ್ದು ನೋಡಿ ನನಗೆ ಸುಮ್ನೆ ಇರಲು ಆಗಲಿಲ್ಲ. ಆ ಕೋರ್ಟಿನ ಮುಂದೆ ಭಾರತ ಮೊದಲ ಸಲ ನಿಂತದ್ದು ನಮ್ಮ ನೆರೆಮನೆಯ ಜಗಳಕ್ಕೆ. ಪೋರ್ಚುಗಲ್ ನಮ್ಮ ಮೇಲೆ ಹಾಕಿದ ಕೇಸು ಅದು.

ಆಗ ಮಾಜಾಳಿ ದಾಟಿದರೆ ಗೋವಾ, ಪೋರ್ಚುಗೀಸರ ರಾಜ್ಯ. ನಮ್ಮ ಅತ್ತೆಯನ್ನು ಕೊಟ್ಟದ್ದು ಕಾಣಕೋಣಕ್ಕೆ. ಗಡಿ ಬಿಗಿಯಾದ ಮೇಲೆ ಅವರು ತವರಿಗೆ ಬರಲು ಆಗಲಿಲ್ಲ, ಅಜ್ಜಿ ತೀರಿಕೊಂಡಾಗಲೂ ಬರಲಾಗಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಇದೇ ಹೊತ್ತಿಗೆ, 1954ರಲ್ಲಿ, ಗುಜರಾತ್ ಕಡೆಯ ದಾದ್ರಾ ಮತ್ತು ನಗರ್ ಹವೇಲಿಯಲ್ಲಿ ಜನ ಪೋರ್ಚುಗೀಸರನ್ನು ಓಡಿಸಿದರು. ಆ ಜಾಗಗಳ ಸುತ್ತ ಎಲ್ಲಾ ಕಡೆ ಭಾರತ. ಪೋರ್ಚುಗೀಸರ ಕೈಯಲ್ಲಿದ್ದ ದಮನ್‌ನಿಂದ ಅಲ್ಲಿಗೆ ಸೈನ್ಯ ಕಳಿಸಬೇಕಾದರೆ ನಮ್ಮ ನೆಲದ ಮೇಲೆ ನಡೆದೇ ಹೋಗಬೇಕು. ಭಾರತ ಬಿಡಲಿಲ್ಲ.

ಪೋರ್ಚುಗಲ್ ಏನು ಮಾಡಿತು ನೋಡಿ. 1955ರ ಡಿಸೆಂಬರ್ 14ಕ್ಕೆ ವಿಶ್ವಸಂಸ್ಥೆಯ ಸದಸ್ಯ ಆಯಿತು. 19ಕ್ಕೆ, ವಕೀಲರಕ್ಕ ಹೇಳಿದರಲ್ಲ, ಆ ಘೋಷಣೆ ಬರೆದುಕೊಟ್ಟಿತು. 22ಕ್ಕೆ ಭಾರತದ ಮೇಲೆ ಕೇಸು. ಆ ಘೋಷಣೆಯ ಸುದ್ದಿ ನಮಗೆ ಸರಿಯಾಗಿ ಮುಟ್ಟುವ ಮೊದಲೇ ಕೇಸು ಹಾಕಿದ್ದಾರೆ ಎಂದು ಭಾರತ ತಕರಾರು ಮಾಡಿತು. 1957ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಭಾರತ ಆಗ ಆಡ್ ಹಾಕ್ ಜಡ್ಜ್ ಆಗಿ ಕೂರಿಸಿದ್ದು ಎಂ.ಸಿ. ಛಾಗ್ಲಾ ಅವರನ್ನು, ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. 1956ರ ನವೆಂಬರ್ ತನಕ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತಲ್ಲ, ಹಾಗಾಗಿ ಕಾರವಾರದ ಅಪೀಲುಗಳು ಹೋಗುತ್ತಿದ್ದದ್ದೂ ಅವರ ಹೈಕೋರ್ಟಿಗೇ.

ವಿಚಾರಣೆ ಹೇಗೆ ಅಂತ ಕೇಳಿದ್ದಿ ತಮ್ಮಾ. ಮೊದಲು ಎಲ್ಲಾ ಬರವಣಿಗೆ. ಒಬ್ಬರು ತಮ್ಮ ವಾದ ಬರೆದು ಕೊಡಬೇಕು, ಅದಕ್ಕೆ ಎದುರಿನವರ ಉತ್ತರ, ಬೇಕಾದರೆ ಮತ್ತೆ ಒಂದು ಸುತ್ತು. ಅದೇ ವರ್ಷಗಟ್ಟಲೆ ಹಿಡಿಯುತ್ತದೆ. ಆಮೇಲೆ ಬಾಯಿಮಾತಿನ ವಾದ, ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ. ಸಾಕ್ಷಿ ಕಟ್ಟೆಗೆ ಜನರನ್ನು ಹತ್ತಿಸುವುದು ಕಡಿಮೆ, ಹಳೆಯ ಕಾಗದ, ನಕಾಶೆಗಳೇ ಸಾಕ್ಷಿ. ಈ ಕೇಸಿನಲ್ಲಿ 1779ರ ಮರಾಠರ ಒಪ್ಪಂದ ಹೊರಗೆ ಬಂತು. ಆ ಊರುಗಳನ್ನು ಪೇಶ್ವೆ ನಮಗೆ ಪೂರ್ತಿ ಬಿಟ್ಟುಕೊಟ್ಟಿದ್ದಾನೆ ಎಂದು ಪೋರ್ಚುಗಲ್ ಹೇಳಿತು. ಕೋರ್ಟು ಮರಾಠಿ ಮೂಲವನ್ನೇ ಮುಂದಿಟ್ಟುಕೊಂಡು ನೋಡಿತು. ಕೊಟ್ಟದ್ದು ನೆಲದ ಒಡೆತನ ಅಲ್ಲ, ವರ್ಷಕ್ಕೆ 12,000 ರೂಪಾಯಿ ಹುಟ್ಟುವಳಿ, ಅಂದರೆ ಜಹಗೀರು ಅಥವಾ ಸರಂಜಾಮು, ಅಷ್ಟೇ ಎಂದಿತು. ಹಾಲೆಂಡಿನ ಕೋರ್ಟಿನಲ್ಲಿ ಹದಿನೈದು ದೇಶಗಳ ಜಡ್ಜುಗಳು ಸರಂಜಾಮು ಅನ್ನುವ ನಮ್ಮ ಕಡೆಯ ಶಬ್ದಕ್ಕೆ ಅರ್ಥ ಹುಡುಕುತ್ತ ಕೂತದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

1960ರ ಏಪ್ರಿಲ್ 12ಕ್ಕೆ ತೀರ್ಪು. ಬ್ರಿಟಿಷರ ಕಾಲದಿಂದ ನೂರಿಪ್ಪತ್ತೈದು ವರ್ಷ ಜನ, ಅಧಿಕಾರಿಗಳು, ಸಾಮಾನು ಓಡಾಡಿದ ರೂಢಿ ಇದೆ, ಅಷ್ಟಕ್ಕೆ ಪೋರ್ಚುಗಲ್‌ಗೆ ಹಕ್ಕು ಇತ್ತು ಎಂದು 11-4. ಸೈನ್ಯ, ಶಸ್ತ್ರದ ಪೊಲೀಸರು, ಮದ್ದುಗುಂಡಿಗೆ ಹಕ್ಕಿರಲಿಲ್ಲ, ಇದು 8-7, ಒಂದೇ ಮತದ ಅಂತರ. ಭಾರತ ತಪ್ಪು ಮಾಡಿಲ್ಲ ಎಂದು 9-6. ಒಪ್ಪಂದ ಬೇಡ, ಎರಡೇ ದೇಶಗಳ ನಡುವಿನ ರೂಢಿಯೂ ಕಾನೂನು ಆಗಬಹುದು ಎಂದು ಹೇಳುವಾಗ ಇವತ್ತಿಗೂ ಈ ತೀರ್ಪನ್ನೇ ತೋರಿಸುತ್ತಾರೆ.

ಮರುವರ್ಷ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ. ಬಿಣಗಾ ಕಡೆಯಿಂದ ಎದುರಿಗೇ ಕಾಣುವ ಅಂಜದೀವ್ ದ್ವೀಪ ಹಿಡಿಯಲು ಹೋದ ನಮ್ಮ ನೌಕಾಪಡೆಯ 7 ಜನ ಅಲ್ಲಿ ಪ್ರಾಣ ಕೊಟ್ಟರು. ಆಗ ಪೋರ್ಚುಗಲ್ ಓಡಿದ್ದು ಭದ್ರತಾ ಮಂಡಳಿಗೆ. ಅಲ್ಲಿ ರಷ್ಯಾ ವೀಟೋ ಹಾಕಿತು.

ಬೈತಖೋಲದ ಹುಡುಗ:

ಮಾಸ್ತರೇ, ಅಂಜದೀವ್ ದಿನಾ ನೋಡುತ್ತೇವೆ, ಇದು ಗೊತ್ತಿರಲಿಲ್ಲ. ಒಂದು ಕೊನೆಯ ಪ್ರಶ್ನೆ. ಸೋತ ದೇಶ ತೀರ್ಪು ಕೇಳದೇ ಹೋದರೆ? ಅಲ್ಲಿ ಪೊಲೀಸರು ಇಲ್ಲವಲ್ಲ. ಮತ್ತೆ, ಸಮುದ್ರದ ಜಗಳಕ್ಕೂ ಇದೇ ಕೋರ್ಟಾ?

ಹೊನ್ನಾವರದ ನಾವಿಕ:

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್, ಈಗ ರಜೆಯಲ್ಲಿ ಮನೆಗೆ ಬಂದಿದ್ದೇನೆ. ಮೊದಲು ತೀರ್ಪಿನ ಪ್ರಶ್ನೆ. ಕೇಳದಿದ್ದರೆ ಗೆದ್ದವರು ಭದ್ರತಾ ಮಂಡಳಿಗೆ ಹೋಗಬಹುದು. ಆದರೆ ಸೋತದ್ದು ವೀಟೋ ಇರುವ ದೇಶವಾದರೆ ಕಷ್ಟ. 1986ರಲ್ಲಿ ನಿಕರಾಗುವ ದೇಶ ಅಮೆರಿಕದ ಮೇಲೆ ಗೆದ್ದಿತು. ಮಂಡಳಿಯಲ್ಲಿ ಅಮೆರಿಕವೇ ವೀಟೋ ಹಾಕಿತು. ಇದು ದೊಡ್ಡ ಅನ್ಯಾಯ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗಂತ ಯಾರೂ ಕೇಳುವುದಿಲ್ಲ ಅನ್ನುವುದೂ ಸುಳ್ಳು. ಬಂಗಾಳ ಕೊಲ್ಲಿಯಲ್ಲಿ ನಮಗೂ ಬಾಂಗ್ಲಾದೇಶಕ್ಕೂ ಗಡಿ ಜಗಳ ಇತ್ತು. ಹೇಗ್‌ನಲ್ಲೇ, ಆದರೆ ಈ ಕೋರ್ಟಲ್ಲ, ಆ ಒಂದು ಜಗಳಕ್ಕೆಂದೇ ನೇಮಿಸಿದ ಐದು ಜನರ ಪಂಚಾಯ್ತಿ ಪೀಠ (ಆರ್ಬಿಟ್ರೇಷನ್) ಕೂತು 2014ರ ಜುಲೈಯಲ್ಲಿ ತೀರ್ಪು ಕೊಟ್ಟಿತು. ತಕರಾರಿನ ಸುಮಾರು 25,600 ಚದರ ಕಿ.ಮೀ. ಸಮುದ್ರದಲ್ಲಿ 19,467 ಬಾಂಗ್ಲಾದೇಶದ ಪಾಲಿಗೆ ಹೋಯಿತು. ಭಾರತ ಅವರಿಗಿಂತ ಎಷ್ಟು ದೊಡ್ಡದು, ಆದರೂ ಒಪ್ಪಿಕೊಂಡಿತು. ನನಗೆ ನಮ್ಮ ದೇಶದ ಮೇಲೆ ಆ ದಿನ ಹೆಮ್ಮೆ ಆಗಿತ್ತು.

ಸಮುದ್ರದ ಕಾನೂನಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬೇರೆಯೇ ಒಂದು ನ್ಯಾಯಮಂಡಳಿ ಇದೆ, 21 ಜಡ್ಜುಗಳು. ಅದು ಬೇಡ ಅಂದರೆ ಹೀಗೆ ಪಂಚಾಯ್ತಿ ಪೀಠ. ನಿಮಗೆ ಹತ್ತಿರದ ಕೇಸು ಅಂದರೆ ಎನ್ರಿಕಾ ಲೆಕ್ಸಿ. 2012ರ ಫೆಬ್ರವರಿ 15, ಕೇರಳದ ಕರಾವಳಿಯಿಂದ ಸುಮಾರು 20 ನಾಟಿಕಲ್ ಮೈಲಿ ಹೊರಗೆ, ಇಟಲಿಯ ಟ್ಯಾಂಕರ್ ಹಡಗಿನಿಂದ ಹಾರಿದ ಗುಂಡಿಗೆ ಸೇಂಟ್ ಆಂಟನಿ ಬೋಟಿನ ಇಬ್ಬರು ಮೀನುಗಾರರು ಸತ್ತರು. ನಮ್ಮ ಪೊಲೀಸರು ಹಡಗನ್ನು ಕೊಚ್ಚಿಗೆ ಕರೆಸಿ ಇಬ್ಬರು ಇಟಲಿ ಸೈನಿಕರನ್ನು ಹಿಡಿದರು. 2015ರಲ್ಲಿ ಇಟಲಿ ಭಾರತದ ಮೇಲೆ ಪಂಚಾಯ್ತಿಗೆ ಹೋಯಿತು. ಪೀಠ ಕೂರುವ ತನಕ ಎರಡೂ ದೇಶ ತಮ್ಮ ತಮ್ಮ ಕೋರ್ಟಿನ ಕೇಸು ನಿಲ್ಲಿಸಿ ಎಂದು ಹ್ಯಾಂಬರ್ಗ್‌ನಿಂದ ಆದೇಶ ಬಂತು. 2020ರ ಮೇ ತಿಂಗಳಲ್ಲಿ ತೀರ್ಪು: ಅವರು ಇಟಲಿ ಸರ್ಕಾರದ ಕೆಲಸದಲ್ಲಿ ಇದ್ದವರು, ಭಾರತ ಅವರ ಮೇಲೆ ಕೇಸು ನಡೆಸುವ ಹಾಗಿಲ್ಲ, ಆದರೆ ಇಟಲಿ ಪರಿಹಾರ ಕೊಡಬೇಕು. 10 ಕೋಟಿ ರೂಪಾಯಿ ಬಂತು. ಸತ್ತವರ ಮನೆಗೆ 4 ಕೋಟಿಯಂತೆ, ಬೋಟಿನ ಯಜಮಾನರಿಗೆ 2 ಕೋಟಿ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಕೇಸು ಮುಗಿಸಿತು. ಒಂಬತ್ತು ವರ್ಷ. ಆ ಮನೆಯವರು ಆ ಪೀಠದ ಮುಂದೆ ಪಕ್ಷಗಾರರಾಗಿ ನಿಲ್ಲಲೇ ಇಲ್ಲ, ನಿಂತದ್ದು ಎರಡು ಸರ್ಕಾರ.

ಈಗ ನಿಮ್ಮ ಬಲೆ. ರಾತ್ರಿ ಬೋಟಿನ ಮೇಲೆ ಕೆಂಪು ದೀಪ, ಅದರ ಕೆಳಗೆ ಬಿಳಿ ದೀಪ ಉರಿಯುತ್ತಿತ್ತಾ? ಬಲೆ 150 ಮೀಟರಿಗಿಂತ ದೂರ ಚಾಚಿದ್ದರೆ ಆ ದಿಕ್ಕಿಗೆ ಇನ್ನೊಂದು ಬಿಳಿ ದೀಪ ಬೇಕು. ಇವು ಇದ್ದರೆ ದಾರಿ ಬಿಡಬೇಕಾದ್ದು ನಮ್ಮಂಥ ದೊಡ್ಡ ಹಡಗಿನವರು, ನಿಯಮವೇ ಹಾಗಿದೆ. ಹಡಗು ನಡೆಸುವ ಕೋಣೆಯಲ್ಲಿ ಕಾವಲು ನಿಲ್ಲುವವನಾಗಿ ಹೇಳುತ್ತೇನೆ, ಮೀನು ಬೋಟಿನ ದೀಪ ಕಂಡೂ ದಾರಿ ಬದಲಿಸದೇ ಹೋಗುವುದು ಕ್ಷಮಿಸುವ ತಪ್ಪಲ್ಲ. ಅಷ್ಟು ದೊಡ್ಡ ಹಡಗು ತನ್ನ ಹೆಸರು, ಜಾಗ, ವೇಗವನ್ನು ಎಐಎಸ್ ಯಂತ್ರದಿಂದ ಸಾರುತ್ತಲೇ ಇರುತ್ತದೆ. ಆ ದಾಖಲೆ ದಡದಲ್ಲಿ ಉಳಿದಿರುತ್ತದೆ. ಆ ರಾತ್ರಿಯ ಸಮಯ ಮತ್ತು ನಿಮ್ಮ ಜಿಪಿಎಸ್‌ನ ಜಾಗ ಗೊತ್ತಿದ್ದರೆ ಅರ್ಧ ಹೆಸರು ಪೂರ್ತಿ ಆಗುತ್ತದೆ.

ಶಿರಸಿ ವಕೀಲೆ:

ಹೊನ್ನಾವರದ ಅಣ್ಣ ಹೇಳಿದ್ದು ಸಿಕ್ಕಿದರೆ ದಾರಿ ನಮ್ಮ ಹೈಕೋರ್ಟಿಗೇ ಇದೆ, ಹೇಗ್ ಬೇಡ. 2017ರ ಅಡ್ಮಿರಾಲ್ಟಿ ಕಾಯ್ದೆ, ಅಂದರೆ ಹಡಗಿನ ಕೇಸುಗಳ ಕಾಯ್ದೆ, 2018ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಕರ್ನಾಟಕ ಹೈಕೋರ್ಟಿಗೂ ಅಧಿಕಾರ ಕೊಟ್ಟಿದ್ದಾರೆ. ಹಡಗಿನಿಂದ ಆದ ನಷ್ಟಕ್ಕೆ ಹಡಗಿನ ಮೇಲೆಯೇ ಕೇಸು ಹಾಕಬಹುದು, ಧ್ವಜ ಯಾವ ದೇಶದ್ದೇ ಇರಲಿ. ಆ ಹಡಗು, ಅಥವಾ ಅದೇ ಮಾಲೀಕರ ಇನ್ನೊಂದು ಹಡಗು, ನಮ್ಮ ನೀರಿಗೆ ಬಂದಾಗ ಕೋರ್ಟು ಅದನ್ನು ತಡೆದು ನಿಲ್ಲಿಸಲು ಆದೇಶ ಕೊಡಬಹುದು. ನಿಂತ ಹಡಗಿಗೆ ದಿನಕ್ಕೆ ಎಷ್ಟು ನಷ್ಟ ಅಂತ ಅಣ್ಣನಿಗೆ ಗೊತ್ತು. ವಿಮೆಯವರು ಬೇಗ ಗ್ಯಾರಂಟಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ನಮ್ಮ ಕೈಯಲ್ಲಿ ಏನೂ ಇಲ್ಲ ಎಂದವರು ತಪ್ಪು ಹೇಳಿದ್ದಾರೆ. ದೂರನ್ನು ಬರೆದು ಕೊಡು, ಸ್ವೀಕರಿಸಿದ್ದಕ್ಕೆ ಸಹಿ ತಗೋ. ಬಲೆ ಕೊಂಡ ಬಿಲ್ಲು, ಹರಿದ ಬಲೆಯ ಫೋಟೊ, ಬೋಟಿನಲ್ಲಿದ್ದ ಎಲ್ಲರ ಹೇಳಿಕೆ ಒಟ್ಟು ಮಾಡು. ತಡ ಮಾಡಬೇಡ.

ಬೈತಖೋಲದ ಹುಡುಗ:

ಅಕ್ಕ, ಅಣ್ಣ, ಮಾಸ್ತರೇ, ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯುತ್ತಿಲ್ಲ. ಈಗಷ್ಟೇ ಅಪ್ಪನ ಜೊತೆ ಬೋಟ್ ಹತ್ತಿ ಬಂದೆ. ಕೆಂಪು, ಬಿಳಿ ಎರಡೂ ದೀಪ ಇತ್ತು, ಉರಿಯುತ್ತಿತ್ತು ಎಂದು ನಾಲ್ಕೂ ಜನ ಹೇಳುತ್ತಾರೆ. ಜಿಪಿಎಸ್‌ನಲ್ಲಿ ಬಲೆ ಬಿಟ್ಟ ಜಾಗದ ಗುರುತು ಅಳಿಸದೇ ಇದೆ, ಸಮಯ ರಾತ್ರಿ 1.40. ಪರದೆಯ ಫೋಟೊ ತೆಗೆದಿದ್ದೇನೆ. ಹರಿದ ಕಾಲು ಬಲೆಯನ್ನು ಅಪ್ಪ ಬಿಚ್ಚಿ ಬೇರೆ ಬಲೆಗೆ ಸೇರಿಸಲು ಹೊರಟಿದ್ದರು. ಹಾಗೇ ಇರಲಿ ಎಂದು ಕಟ್ಟಿ ಮಾಳಿಗೆಗೆ ಹಾಕಿದೆವು.